ಬಿ.ಪಿ.ಯೂ ಮನೆತನದ ಆಸ್ತಿಯೇ?

ಅಕ್ಕಲಕೋಟೆಯಲ್ಲಿ ನಮ್ಮದು ಮೂರು ತಲೆಮಾರಿನ ಕಿರಾಣಿ ವ್ಯಾಪಾರ. ಅಂಗಡಿಯ ಜೊತೆಗೆ ಬಿ.ಪಿ.ಯೂ ವಂಶಪಾರಂಪರ್ಯವಾಗಿ ಬಂದಿದೆ. ಅಜ್ಜನವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರು. ತಂದೆಯವರು, ಕಾಕಾ ಇಬ್ಬರೂ 50 ದಾಟುವ ಮೊದಲೇ ಗುಳಿಗೆ ಹಿಡಿದರು. ಈಗ ಅಣ್ಣನವರ 29 ವರ್ಷದ ಮಗನಿಗೂ 150/96 ಬಂದಿದೆ. “ನಮ್ಮ ರಕ್ತದಾಗೇ ಐತಿ ಕಾಕಾ, ಪಥ್ಯ ಮಾಡಿ ಏನು ಉಪಯೋಗ?” ಎಂಬುದು ಅವನ ಪ್ರಶ್ನೆ.

ಅವನ ಮಾತಿನಲ್ಲಿ ಅರ್ಧ ನಿಜವಿದೆ. ರಕ್ತದೊತ್ತಡದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಪ್ರತಿಶತ ಸುಮಾರು 30ರಿಂದ 50 ಪಾಲು ವಂಶವಾಹಿಗಳದು. ಇಂಥ ವಂಶವಾಹಿ ಒಂದೇ ಅಥವಾ ಅನೇಕವೇ ಎಂದು 1950ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರಾದ ರಾಬರ್ಟ್ ಪ್ಲಾಟ್ ಮತ್ತು ಜಾರ್ಜ್ ಪಿಕರಿಂಗ್ ವಾದಿಸಿದರು. ಅನೇಕ ಎಂದ ಪಿಕರಿಂಗ್ ಅವರ ಮಾತೇ ನಿಂತಿತು. 2018ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಶೋಧಿಸಿದಾಗ, ಗುರುತಾದ ತಾಣಗಳ ಸಂಖ್ಯೆ 900 ಮುಟ್ಟಿತು. ಒಂದೊಂದರ ಪ್ರಭಾವ ತೀರ ಅಲ್ಪ. ಲಿಡಲ್ ರೋಗದಂತೆ ಒಂದೇ ವಂಶವಾಹಿ ಕೆಟ್ಟು, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಂಡು ಒತ್ತಡ ಏರುವುದು ಬಹಳ ವಿರಳ.

ಉಳಿದರ್ಧ ನಮ್ಮ ಕೈಯಲ್ಲಿದೆ. ಬೇರೆ ಮನೆತನಗಳಿಂದ ಬಂದ ನಮ್ಮ ಅವ್ವನವರಿಗೂ ಕಾಕಿಯವರಿಗೂ ಬಿ.ಪಿ. ಇದೆ. ಅವರ ವಯಸ್ಸು, ತವರಿನ ವಂಶ ಕಾರಣವಿರಬಹುದು. ಆದರೆ ಅಜ್ಜನ ವಂಶವಾಹಿ ಅವರಿಗೆ ಬಂದಿಲ್ಲ. ಬಂದದ್ದು ಅಜ್ಜನ ಮನೆಯ ಅಡಿಗೆ. ಅಷ್ಟಮಿ, ಚತುರ್ದಶಿಗೆ ಹಸಿ ಪಲ್ಯ ಇಲ್ಲವೆಂದು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹೆಚ್ಚು. ಗಂಡಸರಿಗೋ ದಿನವಿಡೀ ಗಾದಿಯ ಮೇಲೆ ಕೂತ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಎಂಟು ಜನರ ನಮ್ಮ ಮನೆಗೆ ತಿಂಗಳಿಗೆ 1200 ಗ್ರಾಮ್. ಲೆಕ್ಕ ತೆಗೆದರೆ ಎರಡೂವರೆ ಕಿಲೋ ಖರ್ಚಾಗುತ್ತಿತ್ತು! ರಸತ್ಯಾಗವೆಂದು ಉಪ್ಪು ಬಿಟ್ಟು ಉಣ್ಣುವುದು ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ನಿತ್ಯದ ಊಟದಲ್ಲಿ ಅರ್ಧ ಇಳಿಸುವುದು ಅಷ್ಟು ಕಷ್ಟವಲ್ಲ. ಆದರೆ ವೈದ್ಯರು ಕೊಟ್ಟ ಗುಳಿಗೆಯನ್ನು ಉಪವಾಸದ ದಿನವೂ ಅವರನ್ನು ಕೇಳದೆ ಬಿಡಬಾರದು.

ಸಂಬಂಧ ಕೂಡಿಸುವಾಗ ಬಿ.ಪಿ.ಯ ಮಾತು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಮಕ್ಕಳಿಂದಲೂ ಮುಚ್ಚಿಟ್ಟರೆ ಅವರು ಪರೀಕ್ಷೆ ಮಾಡಿಸುವುದು ಯಾವಾಗ? ಹಿರಿಯರಿಗೆ ಬಿ.ಪಿ. ಇದ್ದ ಮನೆಗಳಲ್ಲಿ 18 ದಾಟಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಅಳೆಸಿರಿ. ಆಸ್ತಿಯ ಲೆಕ್ಕ ಹೇಳುವಂತೆ ಇದನ್ನೂ ಹೇಳಿರಿ.