ಹಗಲಿನ ಊಟ, ಇರುಳಿನ ಕಾವಲು

ಪುಷ್ಯಮಾಸದಲ್ಲಿ ಭಾಲ್ಕಿಯ ಗಂಜಿಗೆ ತೊಗರಿಯ ಆವಕ ಏರುತ್ತಿರುವಾಗಲೇ ಸೂರ್ಯನು ಇಳಿದುಬಿಡುತ್ತಾನೆ. ಅಲ್ಲಿಯ ಹಿರಿಯ ಅಡತಿ ವ್ಯಾಪಾರಿಯೊಬ್ಬರಿಗೆ ವರ್ಷದ ಉಳಿದ ದಿನಗಳಲ್ಲಿ ಕಠಿಣವೆನಿಸದಿದ್ದ ರಾತ್ರಿಭೋಜನ ತ್ಯಾಗವು ಈ ಸುಗ್ಗಿಯಲ್ಲಿ ಮಾತ್ರ ಕೈಜಾರುತ್ತಿತ್ತು. ಹರಾಜು ಮುಗಿದು, ತೂಕ ಮುಗಿದು, ರೈತರಿಗೆ ಹಣ ಎಣಿಸಿಕೊಟ್ಟು ಮನೆ ಸೇರುವಷ್ಟರಲ್ಲಿ ಹತ್ತು ಗಂಟೆ. ಮೊದಮೊದಲು ಸುಗ್ಗಿಯ ಎರಡು ತಿಂಗಳ ಮಟ್ಟಿಗೆ ಎಂದಿದ್ದ ಸಡಿಲಿಕೆಯು ಕ್ರಮೇಣ ಹನ್ನೆರಡು ತಿಂಗಳಿಗೂ ಹಬ್ಬಿತು. ವ್ರತಗಳು ಹೀಗೆಯೇ ಸವೆಯುತ್ತವೆ. ಯಾರೂ ಒಂದು ದಿನ ಕುಳಿತು ಅವುಗಳನ್ನು ಮುರಿಯುವುದಿಲ್ಲ.

ಅವರ ತಾಯಿಯವರು ಇದ್ದಷ್ಟು ಕಾಲ ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚಿತವಾಗಿಯೇ ಒಲೆ ಆರಿಸುತ್ತಿದ್ದರು. ಅದಕ್ಕೆ ಅವರು ಗಡಿಯಾರ ನೋಡುತ್ತಿರಲಿಲ್ಲ, ಅಂಗಳದ ಗೋಡೆಯ ನೆರಳನ್ನು ನೋಡುತ್ತಿದ್ದರು. ಅದು ತಪ್ಪಾದ ಲೆಕ್ಕವಲ್ಲ. ನಮ್ಮ ದೇಶದ ಗಡಿಯಾರಗಳು ಎಂಬತ್ತೆರಡೂವರೆ ಡಿಗ್ರಿ ರೇಖಾಂಶವನ್ನು ಅನುಸರಿಸುತ್ತವೆ. ಬೀದರ ಸೀಮೆಯು ಅದರಿಂದ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ ನಡೆಯುತ್ತಾನೆ. ಡಿಸೆಂಬರದಲ್ಲಿ ಆರು ಗಂಟೆಯೊಳಗೆ ಮುಳುಗುವವನು ಜೂನಿನಲ್ಲಿ ಏಳರ ಸಮೀಪಕ್ಕೆ ಹೋಗುತ್ತಾನೆ. ನೆರಳಿಗೆ ಇದೆಲ್ಲ ತಿಳಿದಿರುತ್ತದೆ.

ಅರವತ್ತು ತುಂಬಿದ ವರ್ಷ ಬೀದರಿನ ವೈದ್ಯರು ಅವರ ರಕ್ತದಲ್ಲಿ ಸಕ್ಕರೆಯನ್ನು ಕಂಡುಹಿಡಿದರು. ವೈದ್ಯಕೀಯ ಓದುತ್ತಿದ್ದ ಮಗಳ ಮಗಳು ರಜೆಗೆ ಬಂದವಳು ಔಷಧದ ಚೀಟಿಯನ್ನು ನೋಡಿ, ಏನು ತಿನ್ನುತ್ತೀರಿ ಎಂದು ಕೇಳಲಿಲ್ಲ. “ಮುತ್ಯಾ, ರಾತ್ರಿ ಎಷ್ಟಕ್ಕ ಉಣ್ತೀರಿ?” ಎಂದು ಕೇಳಿದಳು. ಆ ಪ್ರಶ್ನೆ ಅವರಿಗೆ ತಾಯಿಯ ಬಾಯಿಂದ ಬಂದಂತೆಯೇ ಕೇಳಿಸಿತು.

ಅವಳು ವಿವರಿಸಿದ ಶಾಸ್ತ್ರ ಹೊಸದಾದರೂ ಅದರ ಮೊದಲ ಸಾಕ್ಷಿ ನಮ್ಮ ಹಿತ್ತಿಲಿನ ಹುಣಿಸೆಮರವೇ. ಹುಣಿಸೆಯ ಎಲೆಗಳು ಇರುಳಿನಲ್ಲಿ ಮಡಚಿ ಹಗಲಿನಲ್ಲಿ ಬಿಚ್ಚುವುದನ್ನು ಅಲೆಕ್ಸಾಂಡರನ ಕಾಲದ ಆಂಡ್ರೋಸ್ಥನೀಸ್ ಎಂಬ ಗ್ರೀಕನು ಇಂದಿನ ಬಹ್ರೇನ್ ದ್ವೀಪದಲ್ಲಿ ಕಂಡು ದಾಖಲಿಸಿದ್ದನು. ಅವು ಮಡಚುವುದು ಕತ್ತಲೆಯಾದುದರಿಂದಲೇ ಅಥವಾ ಗಿಡಕ್ಕೆ ತನ್ನದೇ ವೇಳೆಯ ಅರಿವಿರುವುದರಿಂದಲೇ ಎಂಬ ಪ್ರಶ್ನೆಯನ್ನು 1729ರಲ್ಲಿ ಫ್ರಾನ್ಸಿನ ದ ಮೈರಾನ್ ಪರೀಕ್ಷಿಸಿದನು. ಕತ್ತಲೆಯ ಕೋಣೆಯಲ್ಲಿಟ್ಟ ಮುಟ್ಟಿದರೆಮುನಿಯಂತಹ ಗಿಡವು ಸೂರ್ಯನನ್ನು ಕಾಣದೆಯೂ ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ತರುಣನು ಗಡಿಯಾರವಿಲ್ಲದೆ ಎರಡು ತಿಂಗಳು ಆಲ್ಪ್ಸ್ ಪರ್ವತದ ಗುಹೆಯಲ್ಲಿದ್ದನು. ಸೆಪ್ಟೆಂಬರ್ 14ರಂದು ಹೊರಬಂದಾಗ ಆತನ ಎಣಿಕೆಯಲ್ಲಿ ಅದು ಇನ್ನೂ ಆಗಸ್ಟ್ 20. ಮನಸ್ಸಿನ ಲೆಕ್ಕ ಇಷ್ಟು ತಪ್ಪಿದ್ದರೂ ದೇಹವು ಮಾತ್ರ ಸುಮಾರು ಇಪ್ಪತ್ತನಾಲ್ಕೂವರೆ ಗಂಟೆಗೊಮ್ಮೆ ಮಲಗಿ ಏಳುತ್ತಲೇ ಇತ್ತು.

ಮಿದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಒಂದು ಚಿಕ್ಕ ಗುಂಪಿದೆ. ದೇಹದ ಮುಖ್ಯ ಗಡಿಯಾರ ಇದೇ ಎಂಬುದು 1972ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿಯಿತು. ಜೀವಕೋಶದೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ವ್ಯಾಪಾರಿಯ ಮನಸ್ಸಿಗೆ ನಾಟಿದ ಮಾತು ಬೇರೆ. ಯಕೃತ್ತು, ಮೇದೋಜೀರಕ ಮೊದಲಾದ ಅಂಗಗಳಿಗೂ ತಮ್ಮತಮ್ಮ ಗಡಿಯಾರಗಳಿವೆ. ಮಿದುಳಿನದು ಬೆಳಕನ್ನು ನೋಡಿ ಸರಿಹೊಂದಿದರೆ ಇವು ಬಹುಮಟ್ಟಿಗೆ ಊಟದ ವೇಳೆಯನ್ನು ನೋಡಿ ಸರಿಹೊಂದುತ್ತವೆ. ಅವೇಳೆಯಲ್ಲಿ ಉಂಡರೆ ಒಂದೇ ದೇಹದಲ್ಲಿ ಎರಡು ವೇಳಾಪಟ್ಟಿಗಳು ನಡೆಯತೊಡಗುತ್ತವೆ. ಬೆಳಿಗ್ಗೆ ಉಂಡ ಅನ್ನವನ್ನೇ ರಾತ್ರಿ ಉಂಡರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಮುಖ್ಯ ಅಂಗಡಿಯ ಖಾತೆ ಒಂದು, ಶಾಖೆಯ ಖಾತೆ ಇನ್ನೊಂದು ಹೇಳಿದರೆ ಏನಾಗುವುದೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ.

ಅವರು ಹಗಲಿನ ಊಟಕ್ಕೆ ಮರಳಿದರು. ಸುಗ್ಗಿಯಲ್ಲಿ ಐದು ಗಂಟೆಗೆ ಅಂಗಡಿಗೇ ಬುತ್ತಿ ಬರತೊಡಗಿತು. ಔಷಧ ನಿಲ್ಲಲಿಲ್ಲ, ಆದರೆ ಸಕ್ಕರೆ ಹತೋಟಿಗೆ ಬಂತು, ನಿದ್ರೆ ಕೂಡಿತು. ಇದನ್ನು ಕೇಳಿದ ಮಿತ್ರರೊಬ್ಬರು ‘ವಿಜ್ಞಾನವು ನಮ್ಮ ಶಾಸ್ತ್ರವನ್ನು ಒಪ್ಪಿತು’ ಎಂದು ಹಿಗ್ಗಿದರು. ಈ ಹಿಗ್ಗು ಪ್ರವಚನಗಳಲ್ಲಿ ಇತ್ತೀಚೆಗೆ ಅತಿಯಾಗಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ನಿಷೇಧಿಸಿದುದು ಹಿಂಸೆಯ ಕಾರಣದಿಂದ, ದೀಪದ ಬೆಳಕಿನಲ್ಲಿ ಅನ್ನಕ್ಕೆ ಬೀಳುವ ಸೂಕ್ಷ್ಮ ಜೀವಿಗಳ ಕಾರಣದಿಂದ. ಉಣ್ಣುವವನ ಸಕ್ಕರೆಯ ಕಾರಣದಿಂದಲ್ಲ. ವ್ರತವನ್ನು ಆರೋಗ್ಯದ ಮೇಲೆ ನಿಲ್ಲಿಸಿದರೆ, ಹಿಂಸೆಯ ಪ್ರಶ್ನೆಯನ್ನು ಕೇಳುವುದೇ ನಿಂತುಹೋಗುತ್ತದೆ. ಆ ಪ್ರಶ್ನೆ ಅವರಿಗೆ ಎದುರಾದುದು ಬೇರೊಂದು ದಾರಿಯಿಂದ.

ಅವರು ಬೀದರಿನ ಕಡೆಯ ಒಂದು ಬಸದಿಯ ಟ್ರಸ್ಟಿನಲ್ಲಿ ಕೋಶಾಧ್ಯಕ್ಷರಾಗಿದ್ದರು. ಮಹಾವೀರ ಜಯಂತಿಯಂದು ಅಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಮೇಜು ಎತ್ತುವ ಹೊತ್ತಿಗೆ ಯಾರೋ ರಾತ್ರಿ ಕಾವಲುಗಾರನನ್ನೂ ಕೂರಿಸಿದರು. ಆತ ಔರಾದದ ಕಡೆಯವನು, ಐವತ್ತು ದಾಟಿದವನು. ಹನ್ನೊಂದು ವರ್ಷಗಳಿಂದ ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಬಸದಿಯನ್ನು ಕಾಯುತ್ತಿದ್ದವನು. ಅವನ ಸಕ್ಕರೆ ಕೋಶಾಧ್ಯಕ್ಷರದಕ್ಕಿಂತ ಬಹಳ ಹೆಚ್ಚಿತ್ತು, ರಕ್ತದೊತ್ತಡವೂ ಏರಿತ್ತು. ಎಷ್ಟಕ್ಕೆ ಉಣ್ಣುತ್ತೀ ಎಂದು ಅವರು ಮೊಮ್ಮಗಳ ಪ್ರಶ್ನೆಯನ್ನೇ ಕೇಳಿದರು.

“ಹಗಲ ಮಲಗಿದ್ರ ನಿದ್ದಿ ಬರಲ್ರಿ ಸಾವುಕಾರ್ರೇ. ಕಣ್ಣ ಮುಚ್ಚಿದ್ರ ರಸ್ತಾದಾಗ ಗಾಡಿ, ಓಣ್ಯಾಗ ಪೋರಗೋಳು. ಇರುಳ ಎರಡರ ಮ್ಯಾಲ ಏನರ ತಿನ್ಲಿಲ್ಲಂದ್ರ ಕೂತಲ್ಲೇ ತೂಕಡಿಕಿ ಬರ್ತದ,” ಎಂದನು.

ವರ್ಷಗಟ್ಟಲೆ ರಾತ್ರಿ ದುಡಿದರೂ ಹೆಚ್ಚಿನವರ ದೇಹದ ಗಡಿಯಾರ ಪೂರ್ತಿಯಾಗಿ ತಿರುಗುವುದಿಲ್ಲ. ಬೆಳಿಗ್ಗೆ ಮನೆಗೆ ಹೋಗುವಾಗ ಕಣ್ಣಿಗೆ ಬೀಳುವ ಬೆಳಕೇ ಅದನ್ನು ಮತ್ತೆ ಹಗಲಿಗೆ ಎಳೆದು ಕಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಪುನಃ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ಕ್ಯಾನ್ಸರಿಗೆ ಕಾರಣವಾಗುವ ಸಂಭವವುಳ್ಳವುಗಳ ಪಟ್ಟಿಯಲ್ಲಿರಿಸಿದೆ. ಬೀದರಿನ ನರಸಿಂಹ ಝರಣಿಯ ಗುಹೆಯಲ್ಲಿ ನೀರಿನೊಳಗೆ ನಡೆದುಹೋದವರು ಛಾವಣಿಗೆ ತೂಗುವ ಬಾವಲಿಗಳನ್ನು ಕಂಡಿರುತ್ತಾರೆ. ಅಂತಹ ಗುಹಾವಾಸಿ ಬಾವಲಿಗಳ ಮೇಲೆ ಮದುರೆಯ ಬಳಿ ಎಂ. ಕೆ. ಚಂದ್ರಶೇಖರನ್ ಮತ್ತು ಅವರ ಶಿಷ್ಯರು 1970ರ ದಶಕದಿಂದ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಕತ್ತಲೆಯ ಗುಹೆಯಲ್ಲಿ ಪಂಜರದಲ್ಲಿಟ್ಟ ಬಾವಲಿಯು ಸುತ್ತಲಿನ ಬಳಗ ಹಾರಿಹೋಗಿ ಮರಳುವುದನ್ನೇ ಅನುಸರಿಸಿ ತನ್ನ ವೇಳೆಯನ್ನು ಉಳಿಸಿಕೊಂಡಿತು. ಬಳಗವಿಲ್ಲದ ಗುಹೆಯಲ್ಲಿ ಒಂಟಿಯಾಗಿಟ್ಟದ್ದರ ವೇಳೆ ದಿನೇದಿನೇ ಜಾರಿತು. ಔರಾದದಲ್ಲಿ ಹೆಂಡತಿ ಮಕ್ಕಳು ಮಲಗಿರುವ ಹೊತ್ತಿನಲ್ಲಿ ಬಸದಿಯ ಕಟ್ಟೆಯ ಮೇಲೆ ಒಬ್ಬನೇ ಎಚ್ಚರವಿದ್ದವನ ವಿಷಯದಲ್ಲಿ ಇದು ನೆನಪಾಗದೆ ಇರದು.

ಟ್ರಸ್ಟಿನ ಸಭೆಯಲ್ಲಿ ಕೋಶಾಧ್ಯಕ್ಷರು ಇದನ್ನು ಎತ್ತಿದಾಗ ಒಬ್ಬ ಸದಸ್ಯರು, ‘ಆತ ನಮ್ಮ ವ್ರತದವನಲ್ಲ, ಸಂಬಳ ಕೊಡುತ್ತೇವೆ’ ಎಂದರು. ಅದಕ್ಕೆ ಅವರು ತತ್ತ್ವಾರ್ಥಸೂತ್ರವನ್ನು ನೆನಪಿಸಿದರು. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು, ಅನ್ನಪಾನನಿರೋಧ ಒಂದು. ಇವೆರಡೂ ನಮ್ಮ ಕೈಕೆಳಗಿರುವ ಜೀವಗಳ ಕುರಿತಾದುವು. ಆ ಜೀವ ವ್ರತಧಾರಿಯೇ ಎಂದು ಸೂತ್ರ ಕೇಳುವುದಿಲ್ಲ. ಎತ್ತಿನ ಮೇಲೆ ಹೇರಿದ ಹೊರೆ ಕಣ್ಣಿಗೆ ಕಾಣುತ್ತದೆ, ಕಿತ್ತುಕೊಂಡ ನಿದ್ರೆ ಕಾಣುವುದಿಲ್ಲ. ಕೃತ, ಕಾರಿತ, ಅನುಮತವೆಂಬ ಮೂರನ್ನು ಜಪಮಾಲೆಯ ನೂರೆಂಟು ಮಣಿಗಳ ಲೆಕ್ಕದಲ್ಲಿ ಎಣಿಸುವವರು ನಾವು. ಸೂರ್ಯಾಸ್ತಕ್ಕೆ ಮೊದಲು ಉಂಡು ಮಲಗುವ ನಮ್ಮ ಇರುಳನ್ನು ಇನ್ನೊಬ್ಬನಿಂದ ಎಚ್ಚರವಿರಿಸುವುದು ಕಾರಿತವಲ್ಲದೆ ಏನು ಎಂದರು.

ಕ್ಯಾಮೆರಾ ಸಾಕು, ಕಾವಲೇ ಬೇಡ ಎಂದರು ಒಬ್ಬರು. ಹಾಗಾದರೆ ಅವನ ಅನ್ನವೇ ಹೋಗುತ್ತದೆ. ಕಡೆಗೆ ಇರುಳನ್ನು ಇಬ್ಬರಿಗೆ ಹಂಚುವುದೆಂದು ನಿಂತಿತು. ಎಂಟರಿಂದ ಒಂದರವರೆಗೆ ಒಬ್ಬ, ಒಂದರಿಂದ ಆರರವರೆಗೆ ಇನ್ನೊಬ್ಬ. ಪಾಳಿಯನ್ನು ವಾರಕ್ಕೊಮ್ಮೆ ಅದಲುಬದಲು ಮಾಡಬೇಡಿರಿ, ದೇಹಕ್ಕೆ ಅದು ಇನ್ನೂ ಕಷ್ಟ ಎಂದು ಮೊಮ್ಮಗಳು ಹೇಳಿಕಳುಹಿಸಿದ್ದಳು. ಹಳೆಯವನಿಗೆ ಮೊದಲ ಪಾಳಿ, ಸಂಬಳದಲ್ಲಿ ಕಡಿತವಿಲ್ಲ. ವ್ಯತ್ಯಾಸವನ್ನು ತಾವೇ ಭರಿಸಿಬಿಡಿ ಎಂಬ ಸಲಹೆಗೆ ಕೋಶಾಧ್ಯಕ್ಷರು ಒಪ್ಪಲಿಲ್ಲ. ತಾನು ತೀರಿಕೊಂಡ ಮೇಲೆ ಅದು ನಿಲ್ಲುತ್ತದೆ, ಟ್ರಸ್ಟಿನ ಲೆಕ್ಕದಲ್ಲಿ ವೇತನವಾಗಿಯೇ ಇರಲಿ ಎಂದರು. ಆ ಹಣವನ್ನು ಉತ್ಸವದ ದೀಪಾಲಂಕಾರದಿಂದ ತೆಗೆಯಲಾಯಿತು. ರಾತ್ರಿಯಿಡೀ ಉರಿಯುವ ಆ ದೀಪಗಳ ಕೆಳಗೆ ಬೆಳಿಗ್ಗೆ ಹುಳುಗಳನ್ನು ಗುಡಿಸುತ್ತಿದ್ದವನೂ ಅದೇ ಕಾವಲುಗಾರ. ದೀಪಗಳಿಗೆ ತಲೆಮಾರಿನಿಂದ ದಾನ ನೀಡುತ್ತ ಬಂದ ಮನೆತನವೊಂದಕ್ಕೆ ಇದರಿಂದ ನೋವಾಯಿತು. ಅವರು ಮುಂದಿನ ಎರಡು ಸಭೆಗಳಿಗೆ ಬರಲಿಲ್ಲ.

ಈ ಸುದ್ದಿಯನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಸಂತೋಷಪಟ್ಟಳು. ಸ್ವಲ್ಪ ಹೊತ್ತಿನ ಮೇಲೆ, “ಮುತ್ಯಾ, ನಮ್ಮ ಅಂಗಡ್ಯಾಗ ಲಾರಿ ಎಷ್ಟಕ್ಕ ತುಂಬ್ತಾರ?” ಎಂದು ಕೇಳಿದಳು.

ತೊಗರಿಯ ಚೀಲಗಳನ್ನು ಹಮಾಲರು ಲಾರಿಗೆ ಏರಿಸುತ್ತಿದ್ದುದು ರಾತ್ರಿ ಹನ್ನೊಂದರ ಮೇಲೆ, ಸಾವುಕಾರರು ಉಂಡು ಮಲಗಿದ ಬಳಿಕ. ಅವರು ಉತ್ತರಿಸಲಿಲ್ಲ. ಮರುದಿನ ಸಾಗಣೆಯವರಿಗೆ ಫೋನು ಮಾಡಿ, ಇನ್ನು ಮುಂದೆ ಲಾರಿಯನ್ನು ನಾಲ್ಕು ಗಂಟೆಯೊಳಗೆ ಹಚ್ಚಬೇಕೆಂದರು. ಹೈದರಾಬಾದಿನಿಂದ ಬರುವ ಗಾಡಿ, ಹೇಳಲಾಗದು ಎಂಬ ಉತ್ತರ ಬಂತು. ಆ ಸುಗ್ಗಿಯ ಮೊದಲ ವಾರದಲ್ಲಿ ಐದು ಲಾರಿಗಳ ಪೈಕಿ ಎರಡು ಹಗಲಿನಲ್ಲಿ ಬಂದವು. ಉಳಿದ ಮೂರನ್ನು ಬೆಳಗಿನವರೆಗೆ ನಿಲ್ಲಿಸಿ, ನಿಲುಗಡೆಯ ಬಾಡಿಗೆಯನ್ನು ಅವರು ಅಂಗಡಿಯ ಖರ್ಚಿಗೆ ಹಾಕಿಸಿದರು. ಮುನೀಮರು ಆ ಸಾಲಿನ ಮುಂದೆ ಏನು ಬರೆಯಬೇಕೆಂದು ಕೇಳಿದಾಗ, ‘ಹಮಾಲಿ’ ಎಂದು ಬರೆಯಿರಿ ಎಂದರು.