ಪದಬಂಧದೊಳಗಿನ ಗುಪ್ತಪದ

ಪದಬಂಧವೆಂದರೆ ಕೇವಲ ಕಾಲಹರಣದ ಆಟವೆಂದು ಭಾವಿಸಿದವರು ಅನೇಕರಿದ್ದಾರೆ. ಮನೆಗಳನ್ನೆಲ್ಲ ತುಂಬಿದ ಮೇಲೆ ಉಳಿಯುವುದೇನು ಎಂಬುದು ಅವರ ಪ್ರಶ್ನೆ. ಪದಬಂಧದ ಒಂದು ವಿಶೇಷ ಪ್ರಕಾರದಲ್ಲಿ ನಿಜವಾದ ಕೆಲಸ ಆರಂಭವಾಗುವುದೇ ಆಮೇಲೆ. ತುಂಬಿದ ಪದಗಳಿಂದಲೇ ಮತ್ತೊಂದು ಗುಪ್ತಪದವನ್ನು ಅಲ್ಲಿ ಕಂಡುಕೊಳ್ಳಬೇಕು.

ಇಂದಿನ ಪದಬಂಧಗಳ ಮೂಲವೆನಿಸಿದ ಆರ್ಥರ್ ವಿನ್ ಅವರ ರಚನೆ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗುಪ್ತೋತ್ತರವುಳ್ಳ ಪದಬಂಧಗಳದೇ ಒಂದು ಸಾಪ್ತಾಹಿಕ ಸ್ಪರ್ಧೆಯನ್ನು ಅಮೆರಿಕದ ಮ್ಯಾಟ್ ಗ್ಯಾಫ್ನಿ 2008ರಲ್ಲಿ ಆರಂಭಿಸಿದರು. ಆದರೆ ಉತ್ತರವನ್ನು ಪ್ರಶ್ನೆಯೊಳಗೇ ಅಡಗಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮಠದ ಪಾಠಶಾಲೆಯಲ್ಲಿ ನಾವು ಅಲಂಕಾರಶಾಸ್ತ್ರವನ್ನು ಓದುವಾಗ, ದಂಡಿಯು ‘ಕಾವ್ಯಾದರ್ಶ’ದಲ್ಲಿ ಹೇಳಿದ 16 ಬಗೆಯ ಪ್ರಹೇಳಿಕೆಗಳನ್ನು ಅಭ್ಯಾಸ ಮಾಡಿದೆವು. ಪದ್ಯದಲ್ಲಿಯೇ ಉತ್ತರವಿದ್ದರೆ ಆ ಒಗಟಿಗೆ ಅಂತರ್ಲಾಪವೆಂದು ಹೆಸರು.

ಕನ್ನಡದಲ್ಲಿ ಇಂಥ ಪದಬಂಧವನ್ನು ಕಟ್ಟುವುದು ಕಷ್ಟಸಾಧ್ಯ. ಇಲ್ಲಿ ಒಂದು ಮನೆಗೆ ಕಾಗುಣಿತ, ಒತ್ತುಗಳೊಡನೆ ಒಂದು ಪೂರ್ಣಾಕ್ಷರ ಬರಬೇಕು. ಆದಕಾರಣ ಗುಪ್ತಪದವನ್ನು ಮೊದಲು ಆಯ್ದುಕೊಂಡು, ಉಳಿದವನ್ನು ಅದಕ್ಕೆ ಹೊಂದಿಸಬೇಕಾಗುತ್ತದೆ. ನಾವು ಒಮ್ಮೆ ‘ಒಕ್ಕಲು’ ಎಂಬ ಪದವನ್ನು ಆಯ್ದೆವು. ‘ಕ್ಕ’ದಿಂದ ಆರಂಭವಾಗುವ ಕನ್ನಡ ಪದವಿಲ್ಲವಾದ್ದರಿಂದ ಮೊದಲಕ್ಷರಗಳನ್ನು ಕೂಡಿಸುವ ಸುಲಭೋಪಾಯ ಸಾಗಲಿಲ್ಲ. ಆಗ ಅಡ್ಡಸಾಲಿನ ಮೊದಲ ಮೂರು ಪದಗಳನ್ನು ಹೀಗೆ ಇರಿಸಿದೆವು: ಕುಟ್ಟುವ ಸಾಧನ ಒನಕೆ, ಮುಖ್ಯ ಬೆಳೆಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು ಅಕ್ಕಡಿ, ಉಳುವ ಸಾಧನ ನೇಗಿಲು. ಒಂದನೆಯದರಲ್ಲಿ ಒಂದನೆಯ ಅಕ್ಷರ, ಎರಡನೆಯದರಲ್ಲಿ ಎರಡನೆಯದು, ಮೂರನೆಯದರಲ್ಲಿ ಮೂರನೆಯದು. ಈ ಮೂರಕ್ಕೂ ಚುಕ್ಕೆಯಿಟ್ಟೆವು. ದಾರಿ ತೋರುವ ಇಂಥ ಗುರುತಿಲ್ಲದೆ ಅಡಗಿಸುವುದು ಬಿಡಿಸುವವನಿಗೆ ಮಾಡುವ ಅನ್ಯಾಯ.

ಈ ಪದಬಂಧವನ್ನು ನಮ್ಮ ತಂಗಿಯ ಮೊಮ್ಮಗನಿಗೆ ಕೊಟ್ಟೆವು. ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಬಾಲಕ. ಬೇಸಿಗೆ ರಜೆಗೆ ಅಜ್ಜಿಯ ಬಳಿಗೆ ಬಂದಿದ್ದ. ಅವನಿಗೆ ‘ಒ’ ದೊರೆಯಿತು, ‘ಲು’ ದೊರೆಯಿತು. ನಡುವಿನ ಮನೆ ಬರಿದಾಗಿ ಉಳಿಯಿತು. ಸುಳಿವನ್ನು ಗಟ್ಟಿಯಾಗಿ ಓದಿದ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂಗಿ ಕಾಳು ಹಸನು ಮಾಡುತ್ತಲೇ “ಅಕ್ಕಡಿ” ಎಂದಳು. ಗುಪ್ತಪದ ಕೂಡಿತು, ಆದರೆ ಅದರ ಅರ್ಥ ಅವನಿಗೆ ತಿಳಿಯದು.

“ರಾಶಿ ಮಾಡುವುದೂ ಒಕ್ಕಲು, ಹೊಸ ಮನೆ ಹೊಗುವುದೂ ಒಕ್ಕಲು, ಹೊಲ ಮಾಡಿಕೊಂಡಿರುವ ಮನೆತನವೂ ಒಕ್ಕಲೇ” ಎಂದು ಆಕೆ ವಿವರಿಸಿದಳು.

“ಹಾಗಾದರೆ ನಾವೂ ಒಕ್ಕಲೇ ಅಜ್ಜಿ?”

ತಂಗಿಯ ಕೈ ನಿಂತಿತು. “ಆಗಿದ್ದೆವಪ್ಪಾ. ನಿಮ್ಮ ಅಪ್ಪನ ಓದಿಗೆಂದು ಹೊಲ ಮಾರಿದೆವು.”

ಆ ಮಾತು ಅವನ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಸಂಜೆಯವರೆಗೆ ಆಕೆ ಆ ಹೊಲದ ಮರಗಳನ್ನೂ, ಬದುಗಳನ್ನೂ, ಅಕ್ಕಡಿ ಹಾಕುತ್ತಿದ್ದ ಕಾಳುಗಳನ್ನೂ ಒಂದೊಂದಾಗಿ ಹೇಳುತ್ತಿದ್ದಳು. ಬಾಲಕನು ಅವನ್ನೆಲ್ಲ ಪದಬಂಧದ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡನು.

ಅಕ್ಷರ ಬಲ್ಲವನಿಗೆ ಪದ ತಿಳಿಯದು. ಪದ ಬಲ್ಲವಳಿಗೆ ಅಕ್ಷರ ತಿಳಿಯದು. ಇಬ್ಬರೂ ಕೂಡಿದಲ್ಲದೆ ಕೊನೆಯ ಉತ್ತರ ದೊರೆಯದು. ಇಂದು ಅನೇಕ ಮನೆಗಳ ಸ್ಥಿತಿಯೂ ಇದೇ ಆಗಿದೆ. ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ನಿಮ್ಮ ಮನೆಯ ಬಳಕೆಯಿಂದ ಜಾರುತ್ತಿರುವ ಮೂರು ಪದಗಳನ್ನು ಆರಿಸಿಕೊಳ್ಳಿರಿ. ಮಕ್ಕಳು ಕೇಳಿ ತಿಳಿಯಬೇಕಾದ ಪದವೊಂದನ್ನು ಅವುಗಳಲ್ಲಿ ಅಡಗಿಸಿರಿ. ಬಿಡಿಸುವಾಗ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲಿ.