ಮದುವೆಯ ವಿಸಿಡಿ

2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಅದೇ ವರ್ಷ ಅಕ್ಕನ ಮದುವೆ. ಎದೆಯಲ್ಲಿ ಗಣಿಯ ಧೂಳು ತುಂಬಿಕೊಂಡಿದ್ದ ಅಪ್ಪ ಆಗ ಆಸ್ಪತ್ರೆಯಲ್ಲಿದ್ದರು. ಧಾರೆ ಎರೆದದ್ದು ದೊಡ್ಡಪ್ಪ. ಮನೆಗೆ ಬಂದ ಅಪ್ಪ ಕೇಳಿದ್ದು ಮದುವೆಯ ವಿಸಿಡಿಯನ್ನು.

ಹೊಸ ಪ್ಲೇಯರಿಗೆ ದುಡ್ಡಿರಲಿಲ್ಲ. ಹಾಡು ಕೇಳುವ ಹಳೆಯ ಸಿಡಿ ಪ್ಲೇಯರಿಗೇ ಯಾರೋ ಒಬ್ಬರು ವಿಸಿಡಿ ಕಾರ್ಡ್ ಕೂರಿಸಿಕೊಟ್ಟರು. ಹಾಡಿನ ಸಿಡಿ ಹಾಡಿತು. ಮದುವೆಯದು ಹಾಕಿದರೆ ಟಿವಿ ತುಂಬ ಬರೀ ನೀಲಿ.

ಆಂಡರ್ಸನ್‌ಪೇಟೆಯ ರಿಪೇರಿ ಅಣ್ಣ ಮುಚ್ಚಳ ಬಿಚ್ಚಿ ತೋರಿಸಿದರು. ಡಿಸ್ಕಿನ ಸಿಗ್ನಲ್ ಸಂಸ್ಕರಿಸುವ ಚಿಪ್‌ನಿಂದ ಚಿತ್ರ ಬಿಡಿಸುವ ಡಿಕೋಡರಿಗೆ ಹೋಗುವುದು ಮುಖ್ಯವಾಗಿ ಮೂರು ತಂತಿ. ಒಂದರಲ್ಲಿ ಬಿಟ್‌ಗಳು, ಒಂದರಲ್ಲಿ ಅವುಗಳ ತಾಳ. ಮೂರನೆಯದು ಸೆಕೆಂಡಿಗೆ 44,100 ಸಲ ‘ಎಡ, ಬಲ’ ಎನ್ನುತ್ತಿರುತ್ತದೆ. ಒಂದು ಚಿಪ್ ‘ಎಡ’ ಎಂದ ಕೂಡಲೇ ಮೊದಲ ಬಿಟ್ ಕೊಡುತ್ತದೆ, ಇನ್ನೊಂದು ಒಂದು ತಾಳ ತಡೆದು. ಒಂದೇ ಬಿಟ್ ಸರಿದರೂ ಡಿಕೋಡರಿಗೆ ಎಲ್ಲ ಕಸ. ಯಾವ ಪದ್ಧತಿಯೆಂದು ತಿಳಿಸಲು ಕಾರ್ಡಿನಲ್ಲಿ ಪುಟ್ಟ ಜಂಪರ್‌ಗಳಿದ್ದವು. ಅವನ್ನು ಯಾರೂ ಮುಟ್ಟಿಯೇ ಇರಲಿಲ್ಲ.

“ಪಕ್ಕದ್ಮನೆಯವ್ರು ತಮಿಳಲ್ಲಿ ಕೂಗಿದ್ರೆ ನೀನು ಕನ್ನಡದಲ್ಲಿ ಓಗೊಡಲ್ವಾ? ಇದಕ್ಕೆ ಅಷ್ಟು ಬುದ್ಧಿಯಿಲ್ಲ. ಹೇಳ್ಕೊಡ್ಬೇಕು,” ಎಂದು ಅಣ್ಣ ಒಂದೊಂದೇ ಜಂಪರ್ ಬದಲಿಸುತ್ತ ಹೋದರು. ನಾಲ್ಕನೆಯ ಸಲಕ್ಕೆ ಚಪ್ಪರ ಕಂಡಿತು.

ಅಪ್ಪ ಎರಡೂ ಡಿಸ್ಕ್ ನೋಡಿದರು. ಧಾರೆಯ ಹೊತ್ತಿಗೆ ನಿಲ್ಲಿಸಲು ಹೇಳಿ, ಹತ್ತಿರ ಸರಿದು ದೊಡ್ಡಪ್ಪನನ್ನೇ ನೋಡುತ್ತ ಕೇಳಿದರು:

“ಆ ರೇಷ್ಮೆ ಪಂಚೆ ನಂದೇ ಅಲ್ವಾ?”